ಟೋಕನ್ ಹಾಕುವ ಮೊದಲು

ಮಳೆ ಹಿಡಿಯುವ ಹೊತ್ತಿಗೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಎರಡು ಚಿಂತೆ ಒಟ್ಟಿಗೆ ಬರುತ್ತವೆ. ಒಂದು, ಅಡಿಕೆಗೆ ಬೋರ್ಡೋ ಹೊಡೆಸುವುದು. ಇನ್ನೊಂದು, ಪಿಯುಸಿ ಮುಗಿಸಿದ ಮಗನಿಗೋ ಕೆಲಸ ಸಿಕ್ಕ ಮಗಳಿಗೋ ಬೆಂಗಳೂರು, ಶಿವಮೊಗ್ಗ, ಮಂಗಳೂರುಗಳಲ್ಲಿ ಮನೆ ನೋಡುವುದು. ಕಡಹಿನಬೈಲಿನಿಂದಲೋ ಬಾಳೆಹೊನ್ನೂರಿನಿಂದಲೋ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಬೆಂಗಳೂರಲ್ಲಿ ಇಳಿದವರಿಗೆ ಕೈಯಲ್ಲಿರುವುದು ಒಂದೇ ದಿನ. ನಾಲ್ಕು ಮನೆ ನೋಡಿ ಸುಸ್ತಾದ ಹೊತ್ತಿಗೆ ಐದನೆಯದು ಹಿಡಿಸುತ್ತದೆ. ಜೊತೆಗಿದ್ದ ಬ್ರೋಕರ್ ಅಲ್ಲೇ ಅವಸರ ಮಾಡುತ್ತಾನೆ: "ಸಂಜೆ ಇನ್ನೊಂದು ಪಾರ್ಟಿ ಬರ್ತಿದೆ ಸರ್, ಟೋಕನ್ ಹಾಕಿಬಿಡಿ." ಹತ್ತು ಸಾವಿರ ಫೋನಿನಲ್ಲೇ ಹೋಗುತ್ತದೆ. ಊರಿಗೆ ಮರಳಿದ ಮಾರನೆಯ ದಿನ ಓನರ್ ಕರೆ ಮಾಡಿ ವಿಚಾರಣೆ ಶುರು ಮಾಡುತ್ತಾರೆ. ಎಷ್ಟು ಜನ ಇರ್ತೀರಿ, ಏನು ಕೆಲಸ, ಮನೆಯಲ್ಲಿ ಮಾಂಸ ಮಾಡ್ತೀರಾ, ನೀವು ಯಾವ ಪೈಕಿ? ಉತ್ತರ ಹಿಡಿಸದಿದ್ದರೆ ಮನೆ ಇಲ್ಲ. ಟೋಕನ್ ಕೇಳಿದರೆ "ಅದು ಬ್ರೋಕರ್ ಹತ್ರ ಇದೆ" ಎನ್ನುತ್ತಾರೆ. ಬ್ರೋಕರ್ ಫೋನ್ ಎತ್ತುವುದಿಲ್ಲ.

ಈ ಜಗಳದ ಬೇರು ಹಣದಲ್ಲಿಲ್ಲ, ಕ್ರಮದಲ್ಲಿದೆ. ವಿಚಾರಣೆ ಮೊದಲು ಆಗಿ ಹಣ ಆಮೇಲೆ ಹೋಗಬೇಕಿತ್ತು. ನಮ್ಮಲ್ಲಿ ಅದು ತಿರುವುಮುರುವಾಗಿದೆ. ಮನೆ ಬಿಡುವಾಗ ಅಡ್ವಾನ್ಸ್ ಬಗ್ಗೆ ಏಳುವ ತಕರಾರುಗಳಲ್ಲಿ ಹೆಚ್ಚಿನವು ಕೂಡ ಮನೆ ಹಿಡಿದ ದಿನವೇ, ಯಾವ ಹಣಕ್ಕೆ ಏನು ಹೆಸರು ಎಂದು ಬರೆದುಕೊಳ್ಳದೇ ಇದ್ದುದರಿಂದ ಹುಟ್ಟಿದಂಥವು.

ಟೋಕನ್ ಎಂಬುದಕ್ಕೆ ಬಾಡಿಗೆಯ ಕಾನೂನಿನಲ್ಲಿ ಪ್ರತ್ಯೇಕ ಜಾಗವಿಲ್ಲ. ಅದನ್ನು ನೋಡುವುದು 1872ರ ಭಾರತೀಯ ಕರಾರು ಕಾಯ್ದೆಯ ಮೂಲಕ. ಆ ಕಾಯ್ದೆಯ 74ನೇ ಕಲಮಿನ ತಿರುಳು ಇಷ್ಟು: ಕರಾರು ಮುರಿದವನು ಇಂತಿಷ್ಟು ಕಳೆದುಕೊಳ್ಳಬೇಕು ಎಂದು ಬರೆದಿದ್ದರೂ, ಇನ್ನೊಬ್ಬನಿಗೆ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲ್ಮಿತಿಯೇ ಹೊರತು ಅಷ್ಟನ್ನೂ ನುಂಗಲು ಕೊಟ್ಟ ಪರವಾನಗಿ ಅಲ್ಲ. 2015ರಲ್ಲಿ ಸುಪ್ರೀಂ ಕೋರ್ಟು ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಒಂದು ನಿವೇಶನದ ಹರಾಜಿನಲ್ಲಿ 78 ಲಕ್ಷ ರೂಪಾಯಿ ಮುಂಗಡ ಪಡೆದಿತ್ತು. ವ್ಯವಹಾರ ಮುರಿದು, ಮುಂಗಡವನ್ನು ಮುಟ್ಟುಗೋಲು ಹಾಕಿಕೊಂಡು, ಅದೇ ನಿವೇಶನವನ್ನು ಮತ್ತೆ ಹರಾಜಿಗಿಟ್ಟು ಮೊದಲಿನ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಿಗೆ ಮಾರಿತು. ನಷ್ಟವೇ ಆಗದವರಿಗೆ ಪರಿಹಾರ ಎಲ್ಲಿಯದು ಎಂದ ನ್ಯಾಯಾಲಯ, ಶೇ 9ರ ಬಡ್ಡಿ ಸೇರಿಸಿ ಮುಂಗಡ ವಾಪಸು ಕೊಡಿಸಿತು. ಅದು ಜಮೀನಿನ ಪ್ರಕರಣ. ಆದರೆ ತತ್ವ ಹತ್ತು ಸಾವಿರದ ಟೋಕನ್ನಿಗೂ ಅದೇ.

ಹಾಗಾಗಿ ಲೆಕ್ಕ ಸ್ಪಷ್ಟ. ಓನರ್ ತಾವೇ ಹಿಂದೆ ಸರಿದರೆ, ಕಾರಣ ಏನೇ ಇರಲಿ, ಟೋಕನ್ ಪೂರ್ತಿ ವಾಪಸು ಬರಬೇಕು. ಬಾಡಿಗೆ, ಅಡ್ವಾನ್ಸ್, ಬರುವ ದಿನಾಂಕ ಇವೇ ಇನ್ನೂ ತೀರ್ಮಾನವಾಗದಿದ್ದರೆ ಕರಾರೇ ಹುಟ್ಟಿಲ್ಲ. ಆಗಲೂ ಇಟ್ಟುಕೊಳ್ಳಲು ಕಾರಣವಿಲ್ಲ. ಎಲ್ಲ ಒಪ್ಪಿ ಆಮೇಲೆ ನೀವೇ ಬೇಡವೆಂದರೆ, ನಿಮಗಾಗಿ ಮನೆ ಖಾಲಿ ಇಟ್ಟ ದಿನಗಳ ಬಾಡಿಗೆಯನ್ನು ಅವರು ಕೇಳಬಹುದು. ಹದಿನೈದು ಸಾವಿರ ಬಾಡಿಗೆಯ ಮನೆಯನ್ನು ಆರು ದಿನ ಖಾಲಿ ಇಟ್ಟಿದ್ದರೆ ಅದು ಮೂರು ಸಾವಿರ. ಮಾರನೇ ದಿನವೇ ಬೇರೆಯವರು ಬಂದು ಕೂತಿದ್ದರೆ ಅಷ್ಟೂ ಇಲ್ಲ.

ಇದನ್ನು ಕೋರ್ಟಿನವರೆಗೆ ಎಳೆಯದೆ ಮುಗಿಸುವ ದಾರಿ, ಹಣ ಕಳಿಸುವ ಮೊದಲು ಒಂದು ವಾಟ್ಸ್‌ಆ್ಯಪ್ ಸಂದೇಶ. ಬ್ರೋಕರ್‌ಗಲ್ಲ, ಓನರ್‌ಗೇ: "ನಮಸ್ಕಾರ ಸರ್. ನಿಮ್ಮ ಎರಡನೇ ಮಹಡಿಯ ಮನೆ ನಮಗೆ ಒಪ್ಪಿಗೆ. ಬಾಡಿಗೆ 15,000, ಅಡ್ವಾನ್ಸ್ 75,000, ಜುಲೈ 1ಕ್ಕೆ ಬರುತ್ತೇವೆ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಇರುತ್ತೇವೆ. ಈಗ 5,000 ಟೋಕನ್ ಕಳಿಸುತ್ತಿದ್ದೇನೆ, ಇದು ಅಡ್ವಾನ್ಸಿಗೆ ಜಮೆ. ನಿಮ್ಮ ಕಡೆಯಿಂದ ಮನೆ ಸಿಗದಿದ್ದರೆ ಪೂರ್ತಿ ವಾಪಸು. ಜೂನ್ 25ರ ಒಳಗೆ ನಾವೇ ಬೇಡ ಎಂದರೆ 1,000 ಹಿಡಿದುಕೊಂಡು ಉಳಿದದ್ದು ವಾಪಸು. ಸರಿ ಎಂದು ಉತ್ತರಿಸಿದರೆ ಕಳಿಸುತ್ತೇನೆ." ಆ ಕಡೆಯಿಂದ "ಸರಿ" ಎಂಬ ಎರಡಕ್ಷರ ಬಂದರೆ ಅದೇ ದಾಖಲೆ. ಬಾರದಿದ್ದರೆ ಹಣವೂ ಹೋಗಬೇಕಾಗಿಲ್ಲ. ಮನೆಯಲ್ಲಿ ಯಾರ್‍ಯಾರು ಇರುತ್ತಾರೆ, ಏನು ಅಡುಗೆ ಮಾಡುತ್ತೀರಿ, ನಾಯಿ ಇದೆಯೇ ಎಂಬುದೆಲ್ಲ ಈ ಹಂತದಲ್ಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಮುಚ್ಚಿಟ್ಟರು ಎಂಬ ಮಾತಿಗೆ ಆಸ್ಪದ ಇರುವುದಿಲ್ಲ.

ಇಂಗ್ಲೆಂಡಿನಲ್ಲಿ ಟೋಕನ್ನಿನ ಇಂಥ ಷರತ್ತುಗಳನ್ನು ಕಾನೂನೇ ಬರೆದಿಟ್ಟಿದೆ. 2019ರ ಜೂನ್ 1ರಿಂದ ಜಾರಿಗೆ ಬಂದ ಬಾಡಿಗೆದಾರರ ಶುಲ್ಕ ಕಾಯ್ದೆಯ ಪ್ರಕಾರ ಮನೆ ಹಿಡಿದಿಡಲು ಪಡೆಯುವ ಹಣ ಒಂದು ವಾರದ ಬಾಡಿಗೆಯನ್ನು ಮೀರುವಂತಿಲ್ಲ. ಬಾಡಿಗೆದಾರ ಹಿಂದೆ ಸರಿದರೆ ಅಥವಾ ಸುಳ್ಳು ಮಾಹಿತಿ ಕೊಟ್ಟರೆ, ಹೀಗೆ ಕೆಲವೇ ಸಂದರ್ಭಗಳಲ್ಲಿ ಅದನ್ನು ಉಳಿಸಿಕೊಳ್ಳಬಹುದು. ಹಿನ್ನೆಲೆ ಪರಿಶೀಲನೆಯ ಖರ್ಚನ್ನು ಬಾಡಿಗೆದಾರನ ತಲೆಗೆ ಕಟ್ಟುವಂತಿಲ್ಲ. ಓದಲು ಅಲ್ಲಿಗೆ ಹೋಗುವ ನಮ್ಮ ಮಕ್ಕಳು ಇದನ್ನು ತಿಳಿದಿರಬೇಕು. ನ್ಯೂಯಾರ್ಕ್ ರಾಜ್ಯದಲ್ಲೂ 2019ರ ಕಾನೂನು ಅರ್ಜಿ ಪರಿಶೀಲನೆಯ ಶುಲ್ಕವನ್ನು 20 ಡಾಲರಿಗೆ, ಠೇವಣಿಯನ್ನು ಒಂದು ತಿಂಗಳ ಬಾಡಿಗೆಗೆ ಮಿತಿಗೊಳಿಸಿದೆ. ಮನೆ ಬಿಟ್ಟ 14 ದಿನದೊಳಗೆ ಕಡಿತದ ಪಟ್ಟಿ ಸಹಿತ ಠೇವಣಿ ಮರಳಿಸಬೇಕು.

ಒಂದು ಎಚ್ಚರಿಕೆ. ಮನೆಯನ್ನು ಕಣ್ಣಾರೆ ನೋಡುವ ಮೊದಲೇ ಹಣ ಕೇಳಿದರೆ, "ಗೇಟ್ ಪಾಸ್ ಫೀಸು, ನೋಡಿದ ಮೇಲೆ ವಾಪಸು ಬರುತ್ತೆ" ಎಂದರೆ, ತಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎಂದರೆ, ಅದು ಮೋಸ. ಹಣ ಪಡೆಯಲು ಯಾರೂ ಸ್ಕ್ಯಾನ್ ಮಾಡಿ ಪಿನ್ ಒತ್ತಬೇಕಾಗಿಲ್ಲ. ಮನೆ ಬಾಡಿಗೆಗಿದೆ ಎಂದು ಜಾಹೀರಾತು ಹಾಕಿದ ಓನರ್‌ಗಳೂ ಈ ಬಲೆಗೆ ಬೀಳುತ್ತಾರೆ. ಹಣ ಹೋಗಿದ್ದರೆ ಆ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಮೊತ್ತವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನು ವಿಚಾರಣೆ. ಬಾಡಿಗೆಗೆ ಬರುವವರು ಯಾರು ಎಂದು ತಿಳಿಯುವ ಹಕ್ಕು ಮನೆಯವರಿಗಿದೆ. ಇದನ್ನು ನಾನು ಓನರ್‌ಗಳ ಪರವಾಗಿಯೂ ಹೇಳುತ್ತಿದ್ದೇನೆ. ಕೊಪ್ಪದಲ್ಲಿ ಆಯುರ್ವೇದ ಕಾಲೇಜಿನ ವಿದ್ಯಾರ್ಥಿಗಳಿಗೆ, ಶೃಂಗೇರಿಯಲ್ಲಿ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರದ ಹುಡುಗರಿಗೆ, ನರಸಿಂಹರಾಜಪುರದಲ್ಲಿ ವರ್ಗವಾಗಿ ಬಂದ ಬ್ಯಾಂಕಿನವರಿಗೆ, ಶಿಕ್ಷಕರಿಗೆ ಕೋಣೆ, ಮನೆ ಕೊಡುವವರು ನಮ್ಮವರೇ. ಅವರಿಗೂ ಭಯಗಳಿವೆ. ಅದರಲ್ಲಿ ಒಂದು ಹಳೆಯದು: ಕೂತವನು ಏಳದಿದ್ದರೆ? 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ಕೈಬಿಟ್ಟದ್ದನ್ನು ಕಂಡ ಹಿರಿಯರು ಬಾಡಿಗೆ ಮನೆಗೂ ಅದೇ ಗತಿ ಬಂದೀತು ಎಂದು ಅಂಜುತ್ತಾರೆ. ಆ ಕಾನೂನು ಗೇಣಿದಾರನಿಗೆ ಕೊಟ್ಟದ್ದು ಉಳುಮೆಯ ಭೂಮಿಯನ್ನು. ಬಾಡಿಗೆ ಕರಾರಿನ ಮೇಲೆ ಪೇಟೆಯ ಮನೆಯಲ್ಲಿ ಇರುವವನು ಎಷ್ಟು ವರ್ಷ ಇದ್ದರೂ ಬಾಡಿಗೆದಾರನೇ. ಅಂಜಿ ಅಗ್ರಿಮೆಂಟ್ ಮಾಡದಿರುವುದೇ ತಪ್ಪು. ಆತ ಬಾಡಿಗೆಗೆ ಬಂದವನು ಎಂದು ತೋರಿಸುವ ಕಾಗದವೇ ಅದು.

ಏನು ಕೇಳಬೇಕು? ಗುರುತಿನ ಚೀಟಿ, ಕೆಲಸದ ಅಥವಾ ಕಾಲೇಜಿನ ಪುರಾವೆ, ಖಾಯಂ ವಿಳಾಸ, ಹಿಂದಿನ ಮನೆಯ ಓನರ್ ನಂಬರ್. ಕೊನೆಯದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಹಿಂದಿನವರಿಗೆ ಒಂದು ಕರೆ ಮಾಡಿ "ಬಾಡಿಗೆ ಸರಿಯಾಗಿ ಕೊಡ್ತಿದ್ರಾ, ಮನೆ ಹೇಗೆ ಇಟ್ಟುಕೊಂಡಿದ್ರು" ಎಂದು ಕೇಳಿದರೆ ಹತ್ತು ಜೆರಾಕ್ಸ್ ಹೇಳದ್ದು ತಿಳಿಯುತ್ತದೆ. ಬಾಡಿಗೆಗೆ ಹೋಗುವವರೂ ಅದೇ ಮಾಡಬಹುದು. ಆ ಮನೆಯಲ್ಲಿ ಮೊದಲಿದ್ದವರು ಯಾರೆಂದು ಪಕ್ಕದ ಅಂಗಡಿಯಲ್ಲಿ ಕೇಳಿ, ಅಡ್ವಾನ್ಸ್ ಸರಿಯಾಗಿ ವಾಪಸು ಬಂತೇ ಎಂದು ವಿಚಾರಿಸಿದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಆಧಾರ್ ಕೊಡುವಾಗ ಮಾಸ್ಕ್ಡ್ ಆಧಾರ್ ಸಾಕು. ಆಧಾರ್ ಪ್ರಾಧಿಕಾರದ ಜಾಲತಾಣದಿಂದಲೇ ಇಳಿಸಿಕೊಳ್ಳುವ ಆ ಪ್ರತಿಯಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಜೆರಾಕ್ಸ್ ಆದರೆ ಅದರ ಮೇಲೆ ಅಡ್ಡಲಾಗಿ "ಇಂಥ ಮನೆಯ ಬಾಡಿಗೆಗೆ ಮಾತ್ರ" ಎಂದು ದಿನಾಂಕ ಹಾಕಿ ಸಹಿ ಮಾಡಿ ಕೊಡಿ. ಬ್ಯಾಂಕಿನ ಪೂರ್ತಿ ಸ್ಟೇಟ್‌ಮೆಂಟ್ ಕೊಡಬೇಕಾದ ಅಗತ್ಯ ಯಾರಿಗೂ ಇಲ್ಲ. ಬಾಡಿಗೆದಾರರ ವಿವರವನ್ನು ಠಾಣೆಗೆ ಸಲ್ಲಿಸುವಂತೆ ಪೊಲೀಸರು ಓನರ್‌ಗಳಿಗೆ ಹೇಳುವುದುಂಟು. ಅದು ಮನೆ ಕೊಡುವವರ ಹೊಣೆ. ಅದಕ್ಕಾಗಿ ಬಾಡಿಗೆದಾರರಿಂದ ಸಾವಿರಗಟ್ಟಲೆ "ವೆರಿಫಿಕೇಶನ್ ಚಾರ್ಜ್" ಕೇಳುವುದು ಸರಿಯಲ್ಲ. ನಮ್ಮ ಕಾಫಿ, ಅಡಿಕೆ ತೋಟಗಳ ಲೈನ್ ಮನೆಗಳಿಗೆ ದೂರದ ರಾಜ್ಯಗಳಿಂದ ಬರುವ ಕಾರ್ಮಿಕರ ವಿಷಯದಲ್ಲಿ ಇನ್ನೊಂದು ಮಾತು: ವಿವರ ಬರೆದುಕೊಳ್ಳಿ, ನಕಲು ಇಟ್ಟುಕೊಳ್ಳಿ, ಆದರೆ ಮೂಲ ಕಾರ್ಡುಗಳನ್ನು ತೆಗೆದಿಟ್ಟುಕೊಳ್ಳಬೇಡಿ. ಕಾಯಿಲೆ ಬಿದ್ದು ಆಸ್ಪತ್ರೆಗೆ ಹೋಗಲೂ ಊರಿಗೆ ಮರಳಲೂ ಅವರಿಗೆ ಅದೇ ಆಧಾರ.

"ಯಾವ ಪೈಕಿ" ಎಂಬ ಪ್ರಶ್ನೆಯ ಬಗ್ಗೆ ಮೆದುವಾಗಿ ಮಾತಾಡಲು ನನಗೆ ಮನಸ್ಸಿಲ್ಲ. ಹೆಸರು, ಊರು ಕೇಳಿದ ಮೇಲೆ ಗೋತ್ರದವರೆಗೆ ಹೋಗುವ ಈ ವಿಚಾರಣೆ ಎಷ್ಟೋ ಮಂದಿಗೆ ಮನೆ ತಪ್ಪಿಸಿದೆ. ಅವರು ಅದನ್ನು ನುಂಗಿಕೊಂಡು ಮುಂದಿನ ಬೀದಿಗೆ ಹೋಗುತ್ತಾರೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮು ಅಸ್ಪೃಶ್ಯತೆಯ ನೆಪದಲ್ಲಿ ಯಾರನ್ನೇ ಆಗಲಿ ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಕಟ್ಟದಂತೆ, ಪಡೆಯದಂತೆ, ಅದರಲ್ಲಿ ನೆಲೆಸದಂತೆ ತಡೆಯುವುದನ್ನು ಶಿಕ್ಷಾರ್ಹ ಅಪರಾಧವೆಂದು ಹೇಳುತ್ತದೆ. "ನಿಮ್ಮ ಜಾತಿಯವರಿಗೆ ಕೊಡುವುದಿಲ್ಲ" ಎಂಬ ಮಾತು ದಲಿತ ಕುಟುಂಬವೊಂದಕ್ಕೆ ಸಂದೇಶದಲ್ಲೋ ಕರೆಯಲ್ಲೋ ಬಂದಿದ್ದರೆ ಅದನ್ನು ಉಳಿಸಿಕೊಂಡು ಠಾಣೆಗೋ ರಾಜ್ಯದ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೋ ದೂರು ಕೊಡಬಹುದು. ಧರ್ಮ ನೋಡಿ, ಒಂಟಿ ಹೆಂಗಸು ಎಂದು ನೋಡಿ ಖಾಸಗಿ ಮನೆ ನಿರಾಕರಿಸುವುದಕ್ಕೆ ಹೀಗೆ ನೇರವಾಗಿ ತಡೆಯೊಡ್ಡುವ ಕಲಮು ನಮ್ಮ ಬಾಡಿಗೆ ಕಾನೂನಿನಲ್ಲಿಲ್ಲ. ಅದು ಇರಬೇಕಿತ್ತು. ಆದರೆ ಅಂಥ ಕಾರಣಕ್ಕೆ ಮನೆ ನಿರಾಕರಿಸಿದವರು ಟೋಕನ್ನನ್ನೂ ಇಟ್ಟುಕೊಳ್ಳುವುದಕ್ಕೆ ಯಾವ ಆಧಾರವೂ ಇಲ್ಲ.

ಈಗ ದೊಡ್ಡ ಮೊತ್ತಕ್ಕೆ ಬರೋಣ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ರೂಢಿ. ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ, ಕೇಳಬೇಕು. ಹದಿನೈದು ಸಾವಿರದ ಮನೆಗೆ ಒಂದೂವರೆ ಲಕ್ಷ. ವರ್ಷಕ್ಕೆ ಶೇ 6ರ ಲೆಕ್ಕ ಹಿಡಿದರೂ ಅದರ ಬಡ್ಡಿ 9,000. ಮೂರು ವರ್ಷ ಇದ್ದರೆ 27,000 ರೂಪಾಯಿ ನೀವು ಕಾಣದೆಯೇ ಕೊಟ್ಟ ಬಾಡಿಗೆ. ಇದಕ್ಕೆ ಮಿತಿ ಹಾಕುವ ಕಾನೂನು ಇಲ್ಲವೇ? ಕರ್ನಾಟಕ ಬಾಡಿಗೆ ಕಾಯ್ದೆ 1999 ಎಂಬುದಿದೆ, 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಆದರೆ ಅದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಇಂದು ಆ ಬಾಡಿಗೆಗೆ ಮನೆ ಎಲ್ಲಿದೆ? ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳು, ಅಂಗಡಿ ಮಳಿಗೆಗಳಿಗೆ ಆರು ತಿಂಗಳು ಎಂಬ ಮಿತಿ ಇದೆ. ಆದರೆ ಅದು ಹೆಸರೇ ಹೇಳುವಂತೆ ಮಾದರಿ, ರಾಜ್ಯ ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಜೀವ. ಅಲ್ಲಿಯವರೆಗೆ ನಮ್ಮ ಬಾಡಿಗೆ ವ್ಯವಹಾರ ನಡೆಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ನಿಮ್ಮ ಅಗ್ರಿಮೆಂಟ್, ಇವೆರಡರ ಮೇಲೆ.

ಅಗ್ರಿಮೆಂಟ್ ಹನ್ನೊಂದು ತಿಂಗಳಿಗೇ ಯಾಕೆ ಎಂಬುದಕ್ಕೂ ಅಲ್ಲೇ ಉತ್ತರವಿದೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು. ನೋಂದಣಿ ಇಲ್ಲದಿದ್ದರೂ ಸರಿಯಾದ ಛಾಪಾ ಶುಲ್ಕ ಬೇಕು. ಟೈಪ್ ಮಾಡುವ ಅಂಗಡಿಯಲ್ಲಿ ಸಿಗುವ ಸಿದ್ಧ ನಮೂನೆಗೆ ಹೆಸರು ತುಂಬಿ ಸಹಿ ಹಾಕುವುದೇ ನಮ್ಮ ಅಭ್ಯಾಸ. ಅದರಲ್ಲಿ ಮೂರು ಸಾಲನ್ನಾದರೂ ನಿಧಾನವಾಗಿ ಓದಿ. ಖಾಲಿ ಮಾಡಿದ ಎಷ್ಟು ದಿನದಲ್ಲಿ ಅಡ್ವಾನ್ಸ್ ವಾಪಸು ಎಂಬ ಸಾಲು ಬಹಳ ನಮೂನೆಗಳಲ್ಲಿ ಇರುವುದೇ ಇಲ್ಲ, ಸೇರಿಸಿ: ಕೀ ಕೊಟ್ಟ ದಿನವೇ, ಅಥವಾ ಏಳು ದಿನದೊಳಗೆ. "ಬೇರೆ ಬಾಡಿಗೆದಾರರು ಬಂದ ಮೇಲೆ" ಎಂದಿದ್ದರೆ ಹೊಡೆದು ಹಾಕಿಸಿ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಕಡಿತ ಎಂದಿದ್ದರೆ, ಸಹಿ ಹಾಕಿದ ಮೇಲೆ ಅದನ್ನು ಪ್ರಶ್ನಿಸುವುದು ಕಷ್ಟ. ಸಹಿಗೆ ಮುಂಚೆ ಚೌಕಾಶಿ ಮಾಡಿ, ಎರಡು ವರ್ಷಕ್ಕಿಂತ ಹೆಚ್ಚು ಇದ್ದರೆ ಕಡಿತ ಬೇಡ ಎಂದು ಕೇಳಿ ನೋಡಿ. ಇನ್ನು ಆರು ತಿಂಗಳಿಗೆ ಮೊದಲು ಬಿಟ್ಟರೆ ಎಂಬ ಲಾಕ್-ಇನ್ ಸಾಲು. ಕೆಲಸದಲ್ಲಿ ವರ್ಗಾವಣೆ ಇರುವವರು ಅದಕ್ಕೆ ವಿನಾಯಿತಿ ಬರೆಸಿಕೊಳ್ಳಬೇಕು.

ಮನೆ ಬಿಡುವ ದಿನದ ಜಗಳವನ್ನು ಹತ್ತಿರದಿಂದ ನೋಡಿದರೆ, ಮಲೆನಾಡಿನಲ್ಲಿ ಅದು ಗೋಡೆಯ ಮೇಲೇ ಇರುತ್ತದೆ. ಕೊಪ್ಪ, ಶೃಂಗೇರಿಗಳಲ್ಲಿ ನಾಲ್ಕು ತಿಂಗಳು ಜಡಿಮಳೆ. ಪಡುವಣ ಗೋಡೆ ಒಳಗಿನಿಂದಲೇ ಬೆವರುತ್ತದೆ, ಬೀರುವಿನ ಹಿಂದೆ ಬೂಷ್ಟು ಬರುತ್ತದೆ, ಸುಣ್ಣ ಹಪ್ಪಳವಾಗಿ ಏಳುತ್ತದೆ. ದೀಪಾವಳಿ ಕಳೆದ ಮೇಲೆ ಮನೆ ಬಿಡುವವರಿಗೆ "ಗೋಡೆ ಹಾಳು ಮಾಡಿದಿರಿ" ಎಂಬ ಮಾತು ಬರುತ್ತದೆ. ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಹೇಳುವುದು ಹೀಗೆ: ಬಾಡಿಗೆದಾರ ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು, ಆದರೆ ಸಹಜ ಸವೆತ ಮತ್ತು ತಡೆಯಲಾಗದ ಶಕ್ತಿಯಿಂದಾದ ಬದಲಾವಣೆ ಅದಕ್ಕೆ ಸೇರುವುದಿಲ್ಲ. ಬೇರೆ ಮಾತು ಬರೆದುಕೊಂಡಿಲ್ಲದಿದ್ದರೆ ಮಳೆಯ ಬೂಷ್ಟು ಅವನ ಲೆಕ್ಕಕ್ಕೆ ಬರಬಾರದು. ಹೆಂಚು ಒಡೆದು ಸೋರುತ್ತಿದೆ ಎಂದು ಮೇ ತಿಂಗಳಲ್ಲೇ ಹೇಳಿದ್ದರೆ ಇನ್ನೂ ಗಟ್ಟಿ. ಅದನ್ನೂ ಬಾಯಲ್ಲಿ ಹೇಳದೆ ಸಂದೇಶದಲ್ಲಿ ಹೇಳಿ. ಆದರೆ ಟಿ.ವಿ. ಕೂರಿಸಲು ಡ್ರಿಲ್ ಹೊಡೆದ ತೂತುಗಳು, ಒಡೆದ ಕಿಟಕಿ ಗಾಜು, ಮುರಿದ ನಲ್ಲಿ ನಿಮ್ಮವೇ.

ಮನೆ ಹೊಕ್ಕ ದಿನ, ಸಾಮಾನು ಇಳಿಸುವ ಮೊದಲು, ಫೋನಿನಲ್ಲಿ ಒಂದು ವಿಡಿಯೊ ಮಾಡಿ. ಬಾಗಿಲ ಚಿಲಕದಿಂದ ಹಿಡಿದು ಬಚ್ಚಲಿನ ಗೀಸರಿನವರೆಗೆ, ಪ್ರತಿ ನಲ್ಲಿ ತಿರುಗಿಸಿ, ಪ್ರತಿ ಸ್ವಿಚ್ ಒತ್ತಿ, ಮೀಟರಿನ ಅಂಕಿ ಕಾಣುವಂತೆ. ಅದನ್ನು ಅದೇ ದಿನ ಓನರ್‌ಗೆ ಕಳಿಸಿಬಿಟ್ಟರೆ ದಿನಾಂಕ ತಾನಾಗಿ ದಾಖಲಾಗುತ್ತದೆ. ಬಿಡುವ ದಿನವೂ ಹಾಗೆಯೇ. ಗೃಹಜ್ಯೋತಿಯ ಉಚಿತ ವಿದ್ಯುತ್ ಪಡೆಯುತ್ತಿದ್ದರೆ ಹಳೆಯ ಮನೆಯ ಆರ್‌ಆರ್ ನಂಬರಿನಿಂದ ನಿಮ್ಮ ಆಧಾರ್ ಜೋಡಣೆ ಬಿಡಿಸಿಕೊಳ್ಳಬೇಕು. ಇಲ್ಲದಿದ್ದರೆ ಹೊಸ ಮನೆಯಲ್ಲಿ ನಿಮಗೆ ತೊಡಕು. ನಮ್ಮ ಚಿಕ್ಕಮಗಳೂರು ಜಿಲ್ಲೆಯಾದರೆ ಮೆಸ್ಕಾಂ ಕಚೇರಿಯಲ್ಲೂ ಕೇಳಬಹುದು.

ಓನರ್ ಕಡಿತ ಹೇಳಿದರೆ ಬಿಡಿ ಬಿಡಿಯಾಗಿ ಬರೆಸಿ. ಒಂದೂವರೆ ಲಕ್ಷದಲ್ಲಿ ಕೊನೆಯ ಕರೆಂಟ್ ಬಿಲ್ 640, ಗಾಜು 900, ಅಗ್ರಿಮೆಂಟಿನಲ್ಲಿದ್ದರೆ ಪೇಂಟಿಂಗ್ 15,000, ಹೀಗೆ. "ಎಲ್ಲಾ ಸೇರಿ ನಲವತ್ತು" ಎಂಬುದು ಲೆಕ್ಕವಲ್ಲ. ರಸೀದಿ ಕೇಳುವುದು ಅವಮಾನ ಮಾಡಿದಂತಲ್ಲ. ಅಡ್ವಾನ್ಸ್ ಬಾರದೆಂಬ ಅನುಮಾನದಿಂದ ಕೊನೆಯ ಮೂರ್ನಾಲ್ಕು ತಿಂಗಳ ಬಾಡಿಗೆ ನಿಲ್ಲಿಸುವವರಿದ್ದಾರೆ. ಅಗ್ರಿಮೆಂಟ್ ಅದಕ್ಕೆ ಅವಕಾಶ ಕೊಡದಿದ್ದರೆ ಅದು ನಿಮ್ಮನ್ನೇ ತಪ್ಪಿತಸ್ಥರನ್ನಾಗಿ ಮಾಡುತ್ತದೆ. ಬದಲಿಗೆ ನೋಟಿಸ್ ಕೊಡುವಾಗಲೇ, ಒಂದೆರಡು ತಿಂಗಳು ಮುಂಚೆ, ವಾಪಸಾತಿಯ ದಿನಾಂಕ ಬರೆದು ಕೇಳಿ.

ಆದರೂ ಹಣ ಬಾರದಿದ್ದರೆ? ಪೊಲೀಸರು ಇದು ಸಿವಿಲ್ ವಿಷಯ ಎಂದು ಕಳಿಸುವುದೇ ಹೆಚ್ಚು. ಮೊದಲು ನೋಂದಾಯಿತ ಅಂಚೆಯಲ್ಲಿ ಒಂದು ಪತ್ರ: ಎಷ್ಟು ಕೊಟ್ಟೆ, ಯಾವಾಗ ಬಿಟ್ಟೆ, ಎಷ್ಟು ಬರಬೇಕು, ಹದಿನೈದು ದಿನದ ಗಡುವು. ಎಷ್ಟೋ ಹಣ ಈ ಪತ್ರಕ್ಕೇ ಬರುತ್ತದೆ. ಬಾರದಿದ್ದರೆ ಕಾನೂನು ಸೇವಾ ಸಮಿತಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನ್ಯಾಯಾಲಯಗಳಲ್ಲೇ ತಾಲ್ಲೂಕು ಸಮಿತಿಗೆ ಅರ್ಜಿ ಕೊಡಬಹುದು. ಸಹಾಯವಾಣಿ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ದಾವೆ ಹೂಡುವ ಮುಂಚೆಯೇ ಲೋಕ ಅದಾಲತ್‌ನಲ್ಲಿ ಕೂಡಿಸಿ ರಾಜಿ ಮಾಡಿಸಬಹುದು. ಅದಕ್ಕೆ ಕೋರ್ಟ್ ಶುಲ್ಕವಿಲ್ಲ. ಅಲ್ಲಿನ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ, ಅಪೀಲು ಇಲ್ಲ. ದಾವೆಯೇ ಹೂಡಬೇಕಾದರೆ ಸಾಮಾನ್ಯವಾಗಿ ಮನೆ ಇರುವ ಊರಿನ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಕಾಲಮಿತಿ ಮೂರು ವರ್ಷ. ಮುಂದಿನ ತಿಂಗಳು, ಮುಂದಿನ ಹಬ್ಬ ಎಂದು ನಂಬುತ್ತಾ ಕೂತರೆ ಅದೂ ಕಳೆದುಹೋಗುತ್ತದೆ.

ಮಕ್ಕಳು ಪಿ.ಜಿ.ಯಲ್ಲಿದ್ದರೆ ದಾರಿ ಸ್ವಲ್ಪ ಬೇರೆ, ಸುಲಭವೂ ಹೌದು. ಬರೀ ಮನೆ ಬಾಡಿಗೆಯ ತಕರಾರನ್ನು ಗ್ರಾಹಕ ಆಯೋಗಗಳು ಸಾಮಾನ್ಯವಾಗಿ ಸಿವಿಲ್ ಕೋರ್ಟಿಗೆ ಕಳಿಸುತ್ತವೆ. ಆದರೆ ಊಟ, ಸ್ವಚ್ಛತೆ, ವೈಫೈ ಎಲ್ಲ ಸೇರಿಸಿ ಹಣ ಪಡೆಯುವ ಪಿ.ಜಿ. ಕೊಡುವುದು ಸೇವೆ. ಕಮಿಷನ್ ಪಡೆದ ಬ್ರೋಕರ್‌ನದ್ದೂ ಸೇವೆಯೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಕಾಲಮಿತಿ ಎರಡು ವರ್ಷ. ಬೆಂಗಳೂರಿನ ಪಿ.ಜಿ. ಬಿಟ್ಟು ಊರಿಗೆ ಮರಳಿದ ಹುಡುಗಿ ತನಗೆ ಬಾರದ ಅಡ್ವಾನ್ಸಿಗಾಗಿ ಮತ್ತೆ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಹಣ ಕಳಿಸಿದ ಸ್ಕ್ರೀನ್‌ಶಾಟ್, ಅವರ "ಸರಿ" ಎಂಬ ಸಂದೇಶ, ಬಿಟ್ಟ ದಿನದ ವಿಡಿಯೊ, ಕಳಿಸಿದ ಪತ್ರದ ಅಂಚೆ ರಸೀದಿ, ಇಷ್ಟನ್ನು ಜೋಡಿಸಿಕೊಂಡು ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದರೆ, ಕೆಲವರಿಗೆ ಆಯೋಗದ ಮೆಟ್ಟಿಲು ಹತ್ತುವ ಅಗತ್ಯವೂ ಬರುವುದಿಲ್ಲ.